ವಿದ್ಯಾರ್ಥಿಗಳ ಪ್ರಬಂಧ ಮಂಡನೆ: ಒಂದು ವಿಮರ್ಶೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಇತಿಹಾಸವನ್ನು ಕುರಿತು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಗಳನ್ನು ಬರೆಯುತ್ತಿರುವುದು ಸಂತೋಷದ ಸಂಗತಿ. ಅವುಗಳನ್ನು ಪರೀಕ್ಷಕರ ಮುಂದೆ ಮಂಡಿಸುವ ರೀತಿಯನ್ನು ಕುರಿತು ಅಷ್ಟೇ ಸಂತೋಷದಿಂದ ಮಾತನಾಡುವುದು ಸಾಧ್ಯವಿಲ್ಲ. ಹದಿನೈದು ನಿಮಿಷಗಳಲ್ಲಿ ಹತ್ತು ನಿಮಿಷ ತಾಲ್ಲೂಕಿನ ಮಳೆ, ಬೆಳೆ, ಗಡಿಗಳ ವರ್ಣನೆಯಲ್ಲಿಯೂ ಗಂಗರಿಂದ ಮೈಸೂರು ಅರಸರವರೆಗಿನ ವಂಶಾವಳಿಯಲ್ಲಿಯೂ ಕಳೆದುಹೋಗುತ್ತದೆ. ವಿದ್ಯಾರ್ಥಿಯು ತಾನೇ ಬೆಟ್ಟ ಹತ್ತಿ, ಊರ ಹಿರಿಯರನ್ನು ಕೇಳಿ ಕಂಡುಕೊಂಡ ವಿಷಯ ಐದನೆಯ ಅಧ್ಯಾಯದಲ್ಲಿರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಗ್ರಂಥಾಲಯದ ಕಪಾಟು ಸೇರಿದ ಪ್ರಬಂಧವನ್ನು ಮುಂದೆ ತೆರೆದು ನೋಡುವವರು ವಿರಳ. ಆ ವಿಷಯವನ್ನು ನಾಲ್ಕು ಜನ ಕೇಳುವ ಅವಕಾಶ ಬಹುಶಃ ಅಂದೇ ಮೊದಲು, ಅಂದೇ ಕೊನೆ.

ಶಿರಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಿಜಾಪುರದ ಪತನದ ಮರುವರ್ಷ, 1687ರಲ್ಲಿ, ಮೊಗಲರು ಇದನ್ನು ಒಂದು ಸುಬಾದ ಮುಖ್ಯಪಟ್ಟಣವನ್ನಾಗಿ ಮಾಡಿದರು. ಮುಂದೆ ಇಲ್ಲಿ ಅಧಿಕಾರ ನಡೆಸಿದ ದಿಲಾವರ್ ಖಾನನ ಅರಮನೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದಿದೆ. ವಿದ್ಯಾರ್ಥಿಗಳೂ ಅದನ್ನು ಒಪ್ಪಿಸುತ್ತಾರೆ. "ಈ ಹೋಲಿಕೆಯನ್ನು ಹೇಗೆ ಕಂಡಿರಿ?" ಎಂದು ಪರೀಕ್ಷಕರು ಕೇಳಿದರೆ ಮಾತು ನಿಂತುಹೋಗುತ್ತದೆ. ಶಿರಾದ ಅರಮನೆ ಉಳಿದಿಲ್ಲ. ಶ್ರೀರಂಗಪಟ್ಟಣದ ಲಾಲ್ ಮಹಲೂ ನೆಲಸಮವಾಗಿದೆ. 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಅರಮನೆ ಮಾತ್ರ ನಿಂತಿದೆ. ಎಂದ ಮೇಲೆ ಮೂಲವನ್ನು ಕಣ್ಣಿಂದ ನೋಡಿ ಹೋಲಿಸುವ ಬಗೆಯಿಲ್ಲ; ಇದು ಕೇವಲ ಬರಹದ ಆಧಾರದ ಮೇಲೆ ನಿಂತ ಮಾತು. ಇಷ್ಟನ್ನು ವಿದ್ಯಾರ್ಥಿಯೇ ಮುಂದಾಗಿ ಹೇಳಿದ್ದರೆ ಅದು ಕುಂದೆನಿಸದೆ ಗುಣವೇ ಆಗುತ್ತಿತ್ತು. ಅದೇ ಊರಿನಲ್ಲಿ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಕಣ್ಣೆದುರಿಗೇ ಇವೆ. ನೋಡಿ, ಅಳೆದು ಬಂದದ್ದನ್ನು ಬದಿಗಿಟ್ಟು ನೋಡಲಾಗದ್ದನ್ನು ಹೊಗಳುವ ಈ ಚಾಳಿ ನಮಗೆ ವಿಚಿತ್ರವಾಗಿ ತೋರುತ್ತದೆ.

ಮಧುಗಿರಿಯ ಕುರಿಯ ಕಥೆಯೂ ಹೀಗೆಯೇ. ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ನೀರಾಗಿ ಹಿಂತಿರುಗಿತೆಂದೂ, ಅದರಿಂದ ಬೆಟ್ಟದ ಮೇಲಣ ಒರತೆಗಳು ತಿಳಿದು ರಾಜಾ ಹಿರೇಗೌಡನು ಅಲ್ಲಿ ಕೋಟೆ ಕಟ್ಟಿಸಿದನೆಂದೂ ಪ್ರತೀತಿ. ಒಬ್ಬರು ಇದನ್ನು ಇತಿಹಾಸವೆಂದೇ ಹೇಳಿಬಿಡುತ್ತಾರೆ. ಇನ್ನೊಬ್ಬರು ನಗೆಪಾಟಲಾದೀತೆಂದು ಕೈಬಿಡುತ್ತಾರೆ. ಕಥೆಯನ್ನು ಯಾರಿಂದ ಕೇಳಿದೆವು, ಅಚ್ಚಾದ ಪಾಠಕ್ಕೂ ಇದಕ್ಕೂ ಇರುವ ಭೇದವೇನು, ಕೋಟೆಯ ನೀರಿನ ನೆಲೆಗಳಿಗೆ ಇದು ಹೊಂದುತ್ತದೆಯೆ ಎಂದು ವಿಚಾರಿಸಿದರೆ ಅದೇ ಒಂದು ಒಳ್ಳೆಯ ಮಂಡನೆಯಾದೀತು. ಕೊರಟಗೆರೆಯ ಪಾಳೆಯಗಾರರನ್ನು ಕುರಿತು ಮಾತನಾಡಿದ ವಿದ್ಯಾರ್ಥಿನಿಯೊಬ್ಬರು ಪರದೆಯ ಚಿತ್ರಗಳನ್ನು ಬಿಟ್ಟು, ಚನ್ನರಾಯನದುರ್ಗದ ಕೋಟೆಯನ್ನು ಕರಿಹಲಗೆಯ ಮೇಲೆ ಬರೆದು, ಬಾಗಿಲಿನಿಂದ ಬಾಗಿಲಿಗೆ ನಮ್ಮನ್ನು ನಡೆಸಿಕೊಂಡು ಹೋದರು. ಇಂಥದು ಅಪರೂಪ.

ಪಾವಗಡದ ವಿದ್ಯಾರ್ಥಿಗಳ ಕಷ್ಟ ಬೇರೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಆ ತಾಲ್ಲೂಕಿನಲ್ಲಿ ಅನೇಕರ ಮನೆಮಾತು ತೆಲುಗು. ನಿಡುಗಲ್ಲಿನ ಚೋಳರನ್ನೋ ನೊಳಂಬರನ್ನೋ ಅಭ್ಯಾಸಮಾಡುವವರಿಗೆ ಇದೊಂದು ಅನುಕೂಲ. ನೊಳಂಬರ ಹೇಮಾವತಿ ಇಂದು ಗಡಿಯ ಆಚೆಗಿದೆ. ಆದರೂ ಉಚ್ಚಾರಣೆಯಲ್ಲಿ ಎಡವಿಯೇವೆಂಬ ಭಯದಿಂದ ಅವರು ಗ್ರಾಂಥಿಕ ವಾಕ್ಯಗಳನ್ನು ಕಂಠಪಾಠ ಮಾಡಿ ಬರುತ್ತಾರೆ. ನಡುವೆ ಒಂದು ಪ್ರಶ್ನೆ ಬಂದರೆ ಎಳೆ ತಪ್ಪುತ್ತದೆ. ಪರೀಕ್ಷಕರು ಅದನ್ನು ವಿಷಯದ ಅಜ್ಞಾನವೆಂದೇ ಎಣಿಸುತ್ತಾರೆ. ಇದು ಅನ್ಯಾಯ. ಇಲ್ಲಿ ತಿದ್ದಿಕೊಳ್ಳಬೇಕಾದವರು ಉಪಾಧ್ಯಾಯರೇ.

ಮೊದಲ ಅಧ್ಯಾಯವನ್ನು ಪರೀಕ್ಷಕರು ಓದಿಯೇ ಬಂದಿರುತ್ತಾರೆಂದು ಭಾವಿಸಿ, ತನ್ನ ಪ್ರಶ್ನೆಯಿಂದಲೇ ವಿದ್ಯಾರ್ಥಿಯು ಆರಂಭಿಸತಕ್ಕದ್ದು. ಯಾವ ಮಾತಿಗೆ ಶಾಸನ ಆಧಾರ, ಯಾವುದಕ್ಕೆ ಕೈಫಿಯತ್ತು, ಯಾವುದಕ್ಕೆ ಬಾಯಿಮಾತು ಎಂಬುದನ್ನು ಒಂದು ಹಾಳೆಯಲ್ಲಿ ಗುರುತುಹಾಕಿಕೊಂಡರೆ ಸಾಕು, ಕಂಠಪಾಠ ಬೇಕಾಗುವುದಿಲ್ಲ. ತಾಲೀಮು ಕನ್ನಡಿಯ ಮುಂದೆ ಬೇಡ. ಆಯಾ ತಾಲ್ಲೂಕಿನ ಕಾಲೇಜಿನಲ್ಲಿಯೇ ನಡೆಯಲಿ. ಕಥೆ ಹೇಳಿದ ಹಿರಿಯರನ್ನೂ ಆ ದಿನ ಕರೆಯಬಹುದು. ತಪ್ಪಿದ ಕಡೆ ಅವರೇ ತಡೆದು ಕೇಳುವರು.