‘ಹೆಪ್ಪು’ ಮತ್ತು ‘ತೆಳು’: ಎರಡು ಮಾತುಗಳ ವಿಮರ್ಶೆ

ಕನ್ನಡದಲ್ಲಿ ವೈದ್ಯವಿಷಯಕವಾದ ಲೇಖನಗಳು ಹೇರಳವಾಗಿ ಹೊರಬೀಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕಾವ್ಯದಲ್ಲಿ ಶಬ್ದವು ಜಾರಿದರೆ ರಸಭಂಗ ಮಾತ್ರ. ವೈದ್ಯಶಾಸ್ತ್ರದಲ್ಲಿ ಜಾರಿದರೆ ಪ್ರಾಣಕ್ಕೇ ಸಂಚಕಾರ. ರಕ್ತವು ಅಕಾಲದಲ್ಲಿ ಗಟ್ಟಿಕೊಳ್ಳುವ ದೋಷವನ್ನು ಕುರಿತು ಬರೆಯುವವರು ಬಳಸುವ ಎರಡು ಮಾತುಗಳನ್ನು ಇಲ್ಲಿ ಪರೀಕ್ಷಿಸೋಣ.

ಮೊದಲನೆಯದು ‘ಹೆಪ್ಪುಗಟ್ಟುವುದು’. ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು. ರಕ್ತದಲ್ಲಾದರೋ ಗಟ್ಟಿಕೊಳ್ಳಿಸುವ ದ್ರವ್ಯಗಳೂ ಅವನ್ನು ತಡೆಯುವ ದ್ರವ್ಯಗಳೂ ಒಳಗೇ ಇವೆ. ಗಾಯದ ಬಾಯಲ್ಲಿ ರಕ್ತವು ಗಟ್ಟಿಕೊಳ್ಳುವುದು ಪ್ರಾಣರಕ್ಷಕವಾದುದು. ರಕ್ತಸ್ರಾವವನ್ನು ನಿಲ್ಲಿಸಲು ಸುಶ್ರುತಸಂಹಿತೆಯು ಹೇಳುವ ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳಲ್ಲಿ ಸ್ಕಂದನವೂ ಒಂದು. ನಾಳದೊಳಗೇ ಗರಣೆ ಕಟ್ಟಿ ಹರಿವನ್ನು ತಡೆಯುವುದಾದರೆ ಅದು ವ್ಯಾಧಿ. ರಕ್ಷಕನಿಗೂ ಭಕ್ಷಕನಿಗೂ ಒಂದೇ ಹೆಸರಿಟ್ಟರೆ ಓದುಗನ ಗತಿಯೇನು? ಮೊದಲನೆಯದನ್ನು ‘ಸ್ಕಂದನ’ವೆಂದೂ ಎರಡನೆಯದನ್ನು ‘ನಾಳಗರಣೆ’ಯೆಂದೂ ಕರೆಯುವುದು ಯುಕ್ತ.

ನಾಳಗರಣೆಗೆ ಕಾರಣಗಳು ಮೂರು: ಹರಿವಿನ ಮಾಂದ್ಯ, ನಾಳದ ಒಳಗೋಡೆಯ ಕ್ಷತಿ, ರಕ್ತದ ಸ್ಕಂದನಗುಣದ ವಿಕಾರ. ಈ ಕಾರಣತ್ರಯವು ಜರ್ಮನಿಯ ವಿರ್ಖೋ ಎಂಬ ಪಂಡಿತನ ಹೆಸರಿನಿಂದ ಪ್ರಸಿದ್ಧವಾಗಿದೆ. ಮೂರನೆಯದಕ್ಕೆ ಒಳ್ಳೆಯ ನಿದರ್ಶನ, 1994ರಲ್ಲಿ ಹಾಲೆಂಡಿನ ಲೈಡನ್ ನಗರದ ಸಂಶೋಧಕರು ವಿವರಿಸಿದ, ಆ ಊರಿನ ಹೆಸರನ್ನೇ ಹೊತ್ತ ಆನುವಂಶಿಕ ವಿಕಾರ. ಇದರಲ್ಲಿ ಐದನೆಯ ಸ್ಕಂದನಾಂಶವು, ತನ್ನನ್ನು ಅಡಗಿಸಬೇಕಾದ ದ್ರವ್ಯಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಆದರೂ ಈ ವಿಕಾರವುಳ್ಳವರಲ್ಲಿ ಬಹುಮಂದಿಗೆ ಜನ್ಮದಲ್ಲಿ ಒಮ್ಮೆಯೂ ಗರಣೆ ಕಟ್ಟುವುದಿಲ್ಲ. ಆದುದರಿಂದ ಪ್ರವೃತ್ತಿಯನ್ನೇ ರೋಗವೆಂದು ಬರೆದು ಮನೆಮಂದಿಯನ್ನು ಹೆದರಿಸುವುದು ಸಲ್ಲದು.

ಎರಡನೆಯ ಮಾತು ‘ರಕ್ತವನ್ನು ತೆಳುಮಾಡುವ ಔಷಧ’. ಇದು ಪರಭಾಷೆಯ ಆಡುಮಾತಿನ ಅಂಧಾನುಕರಣ. ವಾರ್ಫರಿನ್ ಎಂಬ ಔಷಧವು ಸಾರಿಗೆ ನೀರು ಬೆರೆಸಿದಂತೆ ರಕ್ತವನ್ನು ತೆಳುಮಾಡುವುದಿಲ್ಲ. ವಿಟಮಿನ್ ಕೆ ಸಹಾಯದಿಂದ ಯಕೃತ್ತಿನಲ್ಲಿ ಸಿದ್ಧವಾಗುವ ಕೆಲವು ಸ್ಕಂದನಾಂಶಗಳನ್ನು ಕುಂದಿಸುತ್ತದೆ, ಅಷ್ಟೆ. ‘ತೆಳು’ ಎಂಬುದನ್ನು ನಂಬಿದವನು ಕೊಂಚ ನಿಶ್ಶಕ್ತಿಯಾದೊಡನೆ ‘ರಕ್ತ ನೀರಾಯಿತು’ ಎಂದು ಬಗೆದು, ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಟ್ಟಾನು. ಆಗ ಕಾಲಿನ ಆಳದ ಸಿರೆಯಲ್ಲಿ ಕಟ್ಟಿದ ಗರಣೆಯ ತುಣುಕು ಕಳಚಿ ಶ್ವಾಸಕೋಶವನ್ನು ಸೇರಿದರೆ, ಮರಣವೂ ಸಂಭವಿಸಬಹುದು. ‘ಗರಣೆತಡೆ’ ಎಂದರೆ ಅರ್ಥವೂ ಸರಿ, ಮಾತೂ ಕಿರಿದು.

ಒಂದು ಕಾಲು ಮಾತ್ರ ಊದಿ ನೋಯುವುದು, ಹಠಾತ್ತಾಗಿ ಉಸಿರು ಕಟ್ಟುವುದು, ಇಂತಹ ಲಕ್ಷಣಗಳನ್ನು ಕಂಡೊಡನೆ ವೈದ್ಯರ ಬಳಿಗೆ ಧಾವಿಸಬೇಕೆಂಬುದನ್ನು ನಮ್ಮ ಲೇಖಕರು ಕೊನೆಯ ಸಾಲಿಗೆ ತಳ್ಳದೆ ಮೊದಲಿಗೇ ಹೇಳಲಿ. ಅಲಂಕಾರಕ್ಕೆ ಬೇರೆ ಎಡೆಗಳಿವೆ. ಇಲ್ಲಿ ಸ್ಪಷ್ಟತೆಯೇ ಭೂಷಣ.