ಟೂಪಾಕ್ ಶಕೂರ್: ಮರುಕವೂ ಮೂದಲಿಕೆಯೂ

ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ಮಾತನ್ನು ಓಡಿಸುವ ಅಮೆರಿಕದ ರ‍್ಯಾಪ್ ಗಾಯನದಲ್ಲಿ ಟೂಪಾಕ್ ಶಕೂರ್‌ನಷ್ಟು ವಾದಕ್ಕೊಳಗಾದವರು ವಿರಳ. ಹಿಂಸೆಯನ್ನು ಮಾರಿದವನೆಂದು ಕೆಲವರು, ದೀನರ ಕವಿಯೆಂದು ಹಲವರು. ಎರಡಕ್ಕೂ ಅವನ ಹಾಡುಗಳಲ್ಲಿ ಆಧಾರವುಂಟು. ಹೀಗೆನ್ನುವವರು ಸಾಮಾನ್ಯವಾಗಿ ಅರ್ಧವನ್ನಷ್ಟೇ ಕೇಳಿರುತ್ತಾರೆ.

ಅವನ ತಾಯಿ ಅಫೆನಿ, ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವಳು. ಪಿತೂರಿಯ ಮೊಕದ್ದಮೆಯಲ್ಲಿ ತನ್ನ ಪರವಾಗಿ ತಾನೇ ವಾದಿಸಿ 1971ರ ಮೇ ತಿಂಗಳಲ್ಲಿ ದೋಷಮುಕ್ತಳಾದಳು. ಮರುತಿಂಗಳು ನ್ಯೂಯಾರ್ಕಿನಲ್ಲಿ ಮಗ ಹುಟ್ಟಿದ. ಬಡತನದ ನಡುವೆಯೂ ಅವನು ಬಾಲ್ಟಿಮೋರಿನ ಕಲಾಶಾಲೆಯಲ್ಲಿ ಅಭಿನಯ, ಕಾವ್ಯ, ಬ್ಯಾಲೆ ನೃತ್ಯಗಳನ್ನು ಕಲಿತ. ಪಾತ್ರವೊಂದನ್ನು ಕಣ್ಮುಂದೆ ನಿಲ್ಲಿಸುವ ಶಕ್ತಿ ಅಲ್ಲಿಂದ ಬಂದಿರಬೇಕು.

1991ರ 'ಬ್ರೆಂಡಾಸ್ ಗಾಟ್ ಎ ಬೇಬಿ' ಆ ಶಕ್ತಿಗೆ ಸಾಕ್ಷಿ. ಪತ್ರಿಕೆಯಲ್ಲಿ ಓದಿದ ವರದಿಯೊಂದರಿಂದ ಹುಟ್ಟಿದ ಈ ಹಾಡಿನಲ್ಲಿ 12 ವರ್ಷದ ಬಾಲೆಯೊಬ್ಬಳು ಬಸಿರಾಗುತ್ತಾಳೆ, ಹೆತ್ತ ಕೂಸನ್ನು ಕಸಕ್ಕೆಸೆಯುತ್ತಾಳೆ, ಕೊನೆಗೆ ಮೈ ಮಾರುತ್ತ ಕೊಲೆಯಾಗುತ್ತಾಳೆ. ಗಾಯಕ ಅವಳನ್ನು ಹಳಿಯುವುದಿಲ್ಲ. ಅವಳ ಕಡೆ ಕಣ್ಣೆತ್ತಿಯೂ ನೋಡದ ಮನೆಯವರನ್ನೂ ನೆರೆಯವರನ್ನೂ ಕೇಳುತ್ತಾನೆ. 1992ರಲ್ಲಿ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಸಮಾಜದಲ್ಲಿ ಸ್ಥಾನವಿಲ್ಲವೆಂದು ಖಂಡಿಸಿದ್ದು ಈ ಹಾಡೂ ಸೇರಿದ್ದ ಆಲ್ಬಮನ್ನೇ! ಪೊಲೀಸರ ಮೇಲಿನ ರೋಷದ ಹಾಡುಗಳೂ ಅದರಲ್ಲಿದ್ದವು, ನಿಜ.

1993ರಲ್ಲಿ ಹೆಣ್ಣಿನ ಮಾನವನ್ನೆತ್ತಿ ಹಾಡಿದವನು 1994ರ ಡಿಸೆಂಬರಿನಲ್ಲಿ ಲೈಂಗಿಕ ದೌರ್ಜನ್ಯದ ಅಪರಾಧಿಯೆಂದು ತೀರ್ಮಾನವಾಯಿತು. ತಾನು ನಿರಪರಾಧಿಯೆಂದೇ ಅವನು ಹೇಳುತ್ತ ಬಂದ. ಅಭಿಮಾನಿಗಳು ಈ ಪ್ರಕರಣವನ್ನು ಅಡಿಟಿಪ್ಪಣಿಯಾಗಿಸುತ್ತಾರೆ. ನೊಂದ ಮಹಿಳೆಯ ಬಾಳಿನಲ್ಲಿ ಅದು ಅಡಿಟಿಪ್ಪಣಿಯಲ್ಲ.

ಸೆರೆಯಲ್ಲಿದ್ದಾಗಲೇ, 1995ರಲ್ಲಿ, 'ಡಿಯರ್ ಮಾಮಾ' ಹೊರಬಂದಿತು. ತಾಯಿಯ ಮಾದಕವ್ಯಸನವನ್ನು ಮರೆಮಾಚದೆ, ಅವಳ ಋಣವನ್ನು ಮರೆಯದೆ ಹಾಡಿದ ಈ ಹಾಡೇ ಅವನ ಶ್ರೇಷ್ಠ ಕೃತಿಯೆಂದು ನನ್ನ ಭಾವನೆ. ಅದೇ ಅಕ್ಟೋಬರಿನಲ್ಲಿ 14 ಲಕ್ಷ ಡಾಲರುಗಳ ಜಾಮೀನಿನ ಮೇಲೆ ಹೊರಬಂದು ಡೆತ್ ರೋ ಕಂಪನಿಯನ್ನು ಸೇರಿದ. ಕೋಪಕ್ಕೆ ಅಲ್ಲಿ ಒಳ್ಳೆಯ ಬೆಲೆಯಿತ್ತು.

1996ರ 'ಹಿಟ್ ಎಮ್ ಅಪ್' ಎದುರಾಳಿಗಳನ್ನು ಹೆಸರು ಹಿಡಿದು ಬೆದರಿಸುತ್ತದೆ. ಸ್ಪರ್ಧೆಯ ಬಡಾಯಿ ಈ ಗಾಯನದ ಸಂಪ್ರದಾಯವೆಂದು ಸಮರ್ಥಿಸುವವರಿದ್ದಾರೆ. ಬಡಾಯಿಯ ಮಟ್ಟಿಗೆ ಆ ವಾದವನ್ನು ಒಪ್ಪೋಣ. ಆದರೆ ಹುಟ್ಟಿನಿಂದ ಸಿಕಲ್ ಸೆಲ್ ರಕ್ತರೋಗದಲ್ಲಿ ನರಳುತ್ತಿದ್ದ ಪ್ರಾಡಿಜಿ ಎಂಬ ಗಾಯಕನ ಕಾಯಿಲೆಯನ್ನೇ ಅದು ಗೇಲಿ ಮಾಡುತ್ತದೆ. ಬ್ರೆಂಡಾಳ ಸಂಕಟವನ್ನು ಕಂಡವನಿಗೆ ಇದು ಕಾಣಲಿಲ್ಲವೆನ್ನಲಾಗದು. ಕಂಡೇ, ನೋಯುವ ಜಾಗವನ್ನು ಆರಿಸಿಕೊಂಡ. ಮರುಕಕ್ಕೆ ಬೇಕಾದ ಸೂಕ್ಷ್ಮದೃಷ್ಟಿಯೇ ಇಲ್ಲಿ ಆಯುಧವಾಗಿದೆ.

1996ರ ಸೆಪ್ಟೆಂಬರ್ 7ರಂದು ಲಾಸ್ ವೇಗಸ್‌ನಲ್ಲಿ ಗುಂಡೇಟು ತಿಂದು 13ರಂದು ತೀರಿಕೊಂಡಾಗ ಅವನಿಗೆ 25 ವರ್ಷ. ಹಾಡಿನ ಮುಖ್ಯ ಗುರಿಯಾಗಿದ್ದ ನೊಟೋರಿಯಸ್ ಬಿ.ಐ.ಜಿ. 1997ರ ಮಾರ್ಚಿನಲ್ಲಿ ಗುಂಡಿಗೆ ಬಲಿಯಾದ. ಹಾಡೇ ಕೊಂದಿತೆನ್ನುವುದು ಸಲ್ಲದು. ಟೂಪಾಕ್‌ನ ಕೊಲೆಗಾಗಿ ಒಬ್ಬನ ಬಂಧನವಾದದ್ದು 2023ರಲ್ಲಿ. ಪ್ರಾಡಿಜಿ ಮಾತ್ರ ಇವರಿಬ್ಬರ ನಂತರ 20 ವರ್ಷ ಬಾಳಿ, 2017ರಲ್ಲಿ, ಅದೇ ರೋಗದ ಉಲ್ಬಣದಿಂದ ಅದೇ ಲಾಸ್ ವೇಗಸ್‌ನ ಆಸ್ಪತ್ರೆ ಸೇರಿದ್ದಾಗ ಅಸುನೀಗಿದ.