ಗಡಿಯಾರಕ್ಕೆ ಕಾಣದ್ದು

ಅಮೆರಿಕದ ಕೊಲೊರಾಡೊ, ವರ್ಮಾಂಟ್‌ನಂಥ ಹಿಮದ ನಾಡುಗಳಲ್ಲಿ ಏಪ್ರಿಲ್ ಬಂತೆಂದರೆ ಸ್ಕೀ ಹಂಗಾಮು ಮುಗಿಯುತ್ತ ಬಂದಂತೆ. ಮಧ್ಯಾಹ್ನದ ಹೊತ್ತಿಗೆ ಇಳಿಜಾರಿನ ಹಿಮ ನೀರಾಗತೊಡಗುತ್ತದೆ, ಲಿಫ್ಟುಗಳು ಒಂದೊಂದಾಗಿ ನಿಲ್ಲುತ್ತವೆ. ಆಗ ಊರೂರಿನ ಸ್ಕೀ ಮತ್ತು ಸ್ನೋಬೋರ್ಡ್ ಕ್ಲಬ್ಬುಗಳು ವರ್ಷದ ಕೊನೆಯ ಕಾರ್ಯಕ್ರಮಕ್ಕೆ ಮಕ್ಕಳನ್ನೂ ಹೆತ್ತವರನ್ನೂ ಸೇರಿಸುತ್ತವೆ. ಊಟ, ಹಂಗಾಮಿನ ವಿಡಿಯೊ, ಕೋಚ್‌ಗಳ ನಾಲ್ಕು ಮಾತು, ಆಮೇಲೆ ಪ್ರಶಸ್ತಿ ವಿತರಣೆ. ನಮ್ಮ ಶಾಲಾ ವಾರ್ಷಿಕೋತ್ಸವಗಳನ್ನು ಕಂಡವರಿಗೆ ಇದರ ಚಹರೆ ಹೊಸದಲ್ಲ. ಪ್ರಶಸ್ತಿಗಳೂ ಹೆಚ್ಚುಕಡಿಮೆ ಎಲ್ಲ ಕಡೆ ಅವೇ: ವರ್ಷದ ಕ್ರೀಡಾಪಟು, ಅತಿ ಹೆಚ್ಚು ಸುಧಾರಿಸಿದವರು, ಕ್ರೀಡಾಮನೋಭಾವ, ಕೋಚ್ ಪ್ರಶಸ್ತಿ.

ಇದೇನು ಮಹಾ ಎಂದು ಬಿಟ್ಟುಬಿಡುವ ಸಂಗತಿ ಇದಲ್ಲ. ಶಿಸ್ತು, ಸ್ನೇಹ, ಧೈರ್ಯ ಎಂದು ಕ್ಲಬ್ಬು ವರ್ಷವಿಡೀ ಎಷ್ಟೇ ಹೇಳಿರಲಿ, ಕೊನೆಗೆ ಯಾರನ್ನು ಏಕೆ ವೇದಿಕೆಗೆ ಕರೆಯಿತು ಎಂಬುದನ್ನು ನೋಡಿಯೇ ಮಕ್ಕಳು ಅದರ ಮನಸ್ಸನ್ನು ಅಳೆಯುತ್ತಾರೆ. ಹಾಗಾಗಿ ಈ ಪ್ರಶಸ್ತಿಗಳನ್ನು ಒಂದೊಂದಾಗಿ ತೂಗಿ ನೋಡಬೇಕು.

ಮೊದಲು ‘ವರ್ಷದ ಕ್ರೀಡಾಪಟು’. ಸ್ಕೀ ರೇಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಸಮಯ ಅಳೆಯುತ್ತಾರೆ. ಸ್ನೋಬೋರ್ಡಿನ ಹಾಫ್‌ಪೈಪ್, ಸ್ಲೋಪ್‌ಸ್ಟೈಲ್‌ಗಳಲ್ಲಿ ತೀರ್ಪುಗಾರರು 100ಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಗೆದ್ದ ಹುಡುಗಿಗೆ ಪದಕ ಅಂದೇ ಸಿಕ್ಕಿದೆ, ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಏರಿದೆ, ಮುಂದಿನ ಹಂತದ ಸ್ಪರ್ಧೆಗೆ ಬಾಗಿಲೂ ತೆರೆದಿದೆ. ಏಪ್ರಿಲ್‌ನಲ್ಲಿ ಅವಳಿಗೇ ಇನ್ನೊಂದು ಫಲಕ ಕೊಟ್ಟರೆ ಕ್ಲಬ್ಬು ತನ್ನದೆಂದು ಹೇಳಿದ್ದು ಏನೂ ಇಲ್ಲ. ಗಡಿಯಾರದ ಮಾತಿಗೆ ಮೈಕು ಹಿಡಿದಿದೆ ಅಷ್ಟೆ.

ಆ ಗಡಿಯಾರವಾದರೂ ಪೂರ್ತಿ ಸತ್ಯ ಹೇಳುವುದಿಲ್ಲ. ಹದಿನಾಲ್ಕು ವರ್ಷದೊಳಗಿನವರ ಯು14 ವಿಭಾಗವನ್ನೇ ನೋಡಿ. ಎರಡು ಹುಟ್ಟುವರ್ಷಗಳ ಮಕ್ಕಳು ಅಲ್ಲಿ ಒಟ್ಟಿಗೆ ಸ್ಪರ್ಧಿಸುತ್ತಾರೆ. ಮೊದಲ ವರ್ಷದ ಜನವರಿಯಲ್ಲಿ ಹುಟ್ಟಿದ ಹುಡುಗನಿಗೂ ಎರಡನೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ನಡುವೆ ಹತ್ತಿರಹತ್ತಿರ ಎರಡು ವರ್ಷದ ಅಂತರ. ಒಬ್ಬನಿಗೆ ಮೀಸೆ ಚಿಗುರಿದೆ, ಇನ್ನೊಬ್ಬ ಇನ್ನೂ ಅವನ ಭುಜದೆತ್ತರಕ್ಕೆ ಬಂದಿಲ್ಲ. ಜಾರುವ ಕ್ರೀಡೆಯಲ್ಲಿ ತೂಕ, ಕಾಲಿನ ಬಲ ಎರಡೂ ನೇರವಾಗಿ ವೇಗಕ್ಕೆ ಬರುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಹೆಚ್ಚಾಗಿ ಆಯ್ಕೆಯಾಗುತ್ತಾರೆ ಎಂಬುದನ್ನು ಆಲ್ಪೈನ್ ಸ್ಕೀಯಿಂಗ್ ಕುರಿತ ಅಧ್ಯಯನಗಳೂ ತೋರಿಸಿವೆ. ಇನ್ನು ಅಂಕಪಟ್ಟಿ ನೋಡಿ ಸರದಿ ಹಚ್ಚುವ ರೇಸುಗಳಲ್ಲಿ ಮುಂದಿನವರಿಗೆ ಗಟ್ಟಿಯಾದ, ಸಮನಾದ ಹಿಮ ಸಿಗುತ್ತದೆ. ಅರವತ್ತನೇ ಬಿಬ್, ಅಂದರೆ ಸರದಿಯ ಅಂಕಿಯ ಮೇಲಂಗಿ, ಕಟ್ಟಿದವಳು ಹೊರಡುವಷ್ಟರಲ್ಲಿ ಕಂಬ ನೆಟ್ಟು ಗುರುತಿಸಿದ ಪ್ರತಿ ಗೇಟಿನ ತಿರುವಿನಲ್ಲೂ ಆಳವಾದ ಜಾಡು ಬಿದ್ದಿರುತ್ತದೆ. ಸ್ಕೀ ಒಮ್ಮೆ ಅದರೊಳಗೆ ಸಿಕ್ಕಿತೆಂದರೆ ಅದು ಎಳೆದತ್ತಲೇ ಹೋಗಬೇಕು. ಇದಕ್ಕೆಲ್ಲ ದುಡ್ಡಿನ ಮಾತೂ ಸೇರುತ್ತದೆ. ಸ್ಕೀ ಅಕಾಡೆಮಿಯಲ್ಲಿ ಓದುತ್ತ ವಾರವಿಡೀ ತರಬೇತಿ ಪಡೆಯುವ ಮಗು, ಶನಿವಾರ-ಭಾನುವಾರ ಮಾತ್ರ ಬೆಟ್ಟಕ್ಕೆ ಬರುವ ಮಗು ಇಬ್ಬರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ.

ಈ ಕೊರತೆ ತುಂಬಲೆಂದೇ ‘ಅತಿ ಹೆಚ್ಚು ಸುಧಾರಿಸಿದವರು’ ಎಂಬ ಪ್ರಶಸ್ತಿ ಬಂತು. ಉದ್ದೇಶ ಒಳ್ಳೆಯದು. ಕ್ರಮ ಮಾತ್ರ ಹಲವು ಕಡೆ ಮತ್ತೆ ಗಡಿಯಾರದ ಕೈಗೇ ಹೋಗುತ್ತದೆ. ರ‍್ಯಾಂಕಿನಲ್ಲಿ ಯಾರು ಹೆಚ್ಚು ಮೇಲೇರಿದರು ಎಂದು ಎಣಿಸಿದರೆ ಆ ವರ್ಷ ಎತ್ತರಕ್ಕೆ ಬೆಳೆದ ಮಗುವಿಗೇ ಬಹುಮಾನ ಹೋಗುವ ಸಂಭವ ಹೆಚ್ಚು. ಮೂರನೇ ಸ್ಥಾನದಿಂದ ಎರಡಕ್ಕೆ ಬರಲು ಬೇಕಾದ ಶ್ರಮ ಈ ಎಣಿಕೆಗೆ ಸಿಗುವುದಿಲ್ಲ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು, ಶಸ್ತ್ರಚಿಕಿತ್ಸೆ ಆಗಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿ, ಭಯ ಗೆದ್ದು ಹಳೆಯ ವೇಗಕ್ಕೆ ಮರಳಿದವಳ ರ‍್ಯಾಂಕು ಇದ್ದಲ್ಲೇ ಇರಬಹುದು, ಕೆಳಗೂ ಇಳಿದಿರಬಹುದು. ಅವಳಿಗಿಂತ ಹೆಚ್ಚು ದೂರ ನಡೆದವರು ಆ ಸಭಾಂಗಣದಲ್ಲಿ ಇರಲಿಕ್ಕಿಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಕೋಚ್ ಪ್ರಶಸ್ತಿಯ ಮೇಲೆ, ಹೆಚ್ಚು ಆತಂಕ ಇರುವುದೂ ಅದರ ಮೇಲೆಯೇ. ಬೆಳಿಗ್ಗೆ ಸಾರ್ವಜನಿಕರಿಗೆ ಲಿಫ್ಟ್ ತೆರೆಯುವ ಮೊದಲೇ ಬಂದು ಗೇಟಿನ ಕಂಬಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು ಮೇಲೊಯ್ಯುವವನನ್ನು ಕೋಚ್ ಕಂಡಿರುತ್ತಾರೆ. ಓಟಗಳ ನಡುವೆ ಸ್ಕೀಯನ್ನು ಅಡ್ಡ ಹಿಡಿದು ಇಳಿಯುತ್ತ, ಸಡಿಲ ಹಿಮವನ್ನು ಅಂಚಿನಿಂದ ಬದಿಗೆ ತಳ್ಳಿ ಮುಂದಿನವರಿಗೆ ಕೋರ್ಸ್ ಸರಿಮಾಡುವವಳು, ಸಂಜೆ ಕೋಣೆಯಲ್ಲಿ ಕೂತು ಚಿಕ್ಕವರಿಗೆ ಸ್ಕೀ ತಳಕ್ಕೆ ವ್ಯಾಕ್ಸ್ ಹಚ್ಚುವುದನ್ನು, ಆರಿದ ಮೇಲೆ ಕೆರೆದು ಬ್ರಷ್ ಹಾಕುವುದನ್ನು ಹೇಳಿಕೊಡುವವಳು, ಮೊದಲ ಓಟದಲ್ಲೇ ಬಿದ್ದು ಹೊರಬಂದರೂ ತಂಡದ ಕೊನೆಯವನು ಇಳಿಯುವ ತನಕ ತುದಿಯಲ್ಲಿ ನಿಂತು ಕೂಗುವವನು, ಇವರೆಲ್ಲ ಫಲಿತಾಂಶ ಪಟ್ಟಿಯ ಯಾವ ಅಂಕಣದಲ್ಲೂ ಇಲ್ಲ. ಕೋಚ್ ಇದನ್ನು ಕಂಡದ್ದು ಕಂಡಂತೆ ಸಭೆಯ ಮುಂದೆ ಹೇಳಿದರೆ ಆ ಪ್ರಶಸ್ತಿಗೆ ಸಮನಾದದ್ದು ಬೇರೆ ಇಲ್ಲ. ‘ಒಳ್ಳೆಯ ಮನೋಭಾವದ ಹುಡುಗ’ ಎಂದು ಹೇಳಿ ಕೈಕುಲುಕಿ ಕಳಿಸಿದರೆ ಮಾತ್ರ ಅದು ಸಮಾಧಾನಕರ ಬಹುಮಾನವಾಗುತ್ತದೆ. ಉಳಿದ ಮಕ್ಕಳಿಗೆ ಅದು ಕೋಚ್‌ನ ಮೆಚ್ಚಿನವರ ಪಟ್ಟಿಯಾಗಿಯೂ ಕಾಣಬಹುದು.

ಬಹುಮಾನದ ಆಸೆ ತೋರಿಸುವುದರಲ್ಲೂ ಅಪಾಯವಿದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಶಿಶುವಿಹಾರವೊಂದರಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳನ್ನು ಗಮನಿಸಿದರು. ಚಿತ್ರ ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಮಾಣಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಮುಂದೆ ಆಟದ ಹೊತ್ತಿನಲ್ಲಿ ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಕುಂದಲಿಲ್ಲ. ಚಿಕ್ಕ ಮಕ್ಕಳ ಮುಂದೆ ಹಂಗಾಮಿನ ಉದ್ದಕ್ಕೂ ಕಪ್ಪು ತೂಗಾಡಿಸುವ ಕ್ಲಬ್ಬುಗಳು ಇದನ್ನು ನೆನಪಿಡಬೇಕು. ಇಳಿಜಾರಿನಲ್ಲಿ ಜಾರುವ ಸಂತೋಷಕ್ಕಿಂತ ದೊಡ್ಡ ಬಹುಮಾನವನ್ನು ಎಂಟು ವರ್ಷದ ಮಗು ಕೇಳುವುದಿಲ್ಲ.

ನಾರ್ವೆ ಈ ವಿಷಯದಲ್ಲಿ ಇನ್ನೂ ಮುಂದೆ ಹೋಗಿದೆ. ಅಲ್ಲಿನ ಕ್ರೀಡಾ ಒಕ್ಕೂಟ ಮಕ್ಕಳ ಕ್ರೀಡೆಗೆಂದೇ 1987ರಲ್ಲಿ ನಿಯಮ ಮಾಡಿತು, 2007ರಲ್ಲಿ ಅದನ್ನು ಪರಿಷ್ಕರಿಸಿತು. ತೀರ ಎಳೆಯರಿಗೆ ರ‍್ಯಾಂಕ್ ಪಟ್ಟಿ ಬೇಡ, ಮಕ್ಕಳ ಸ್ಪರ್ಧೆಯಲ್ಲಿ ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು ಎಂಬುದು ಅದರ ತಿರುಳು. ಸುಮಾರು 55 ಲಕ್ಷ ಜನರ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ, 2022ರಲ್ಲಿ 16 ಚಿನ್ನ ಗೆದ್ದಿತು. ಅದಕ್ಕೆ ಈ ನಿಯಮವೇ ಕಾರಣ ಎಂದರೆ ಉತ್ಪ್ರೇಕ್ಷೆ. ಹಿಮ, ಪರಂಪರೆ, ಕ್ಲಬ್ಬುಗಳ ಜಾಲ ಎಲ್ಲದರ ಪಾಲೂ ಇದೆ. ಎಳೆಯರಲ್ಲಿ ಮೇಲುಕೀಳು ಮಾಡದಿದ್ದರೆ ಚಾಂಪಿಯನ್ನರು ಹುಟ್ಟುವುದಿಲ್ಲ ಎಂಬ ವಾದ ನಿಲ್ಲುವುದಿಲ್ಲ ಎಂಬುದಂತೂ ಇದರಿಂದ ಖಚಿತ.

ಅಮೆರಿಕದ ಸ್ಕೀ ಪರಂಪರೆಯೊಳಗೇ ಒಂದು ಒಳ್ಳೆಯ ಮಾದರಿ ಇದೆ. ಕೊಲೊರಾಡೊದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನ ಬಡ್ಡಿ ವರ್ನರ್ 1959ರಲ್ಲಿ ಆಸ್ಟ್ರಿಯಾದ ಕಿಟ್ಜ್‌ಬ್ಯೂಲ್‌ನ ಹಾನೆನ್‌ಕಾಮ್ ಡೌನ್‌ಹಿಲ್ ಗೆದ್ದ ಮೊದಲ ಅಮೆರಿಕನ್. ಕಾಲು ಮುರಿದು 1960ರ ಒಲಿಂಪಿಕ್ಸ್ ತಪ್ಪಿತು. 1964ರಲ್ಲಿ ಇನ್ಸ್‌ಬ್ರುಕ್‌ನ ಸ್ಲಾಲಮ್‌ನಲ್ಲಿ ಸಹ ಆಟಗಾರರಾದ ಬಿಲ್ಲಿ ಕಿಡ್ ಬೆಳ್ಳಿ, ಜಿಮ್ಮಿ ಹ್ಯೂಗಾ ಕಂಚು ಗೆದ್ದಾಗ ವರ್ನರ್ ಎಂಟನೆಯವರಾದರು. ಅದೇ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಒಲಿಂಪಿಕ್ ಪದಕ ಅವರಿಗೆ ಸಿಗಲೇ ಇಲ್ಲ. ಆದರೂ ಅವರ ಊರಿನ ಬೆಟ್ಟಕ್ಕೆ, ಗ್ರಂಥಾಲಯಕ್ಕೆ, ಮಕ್ಕಳ ರೇಸಿಂಗ್ ಲೀಗ್‌ಗೆ ಅವರ ಹೆಸರಿದೆ. ರಾಷ್ಟ್ರೀಯ ಸ್ಕೀ ಸಂಸ್ಥೆ ನಾಯಕತ್ವ ಮತ್ತು ಕ್ರೀಡಾಮನೋಭಾವಕ್ಕೆ ಕೊಡುವ ಪ್ರಶಸ್ತಿಯೂ ಅವರ ಹೆಸರಿನದೇ. ಪದಕಪಟ್ಟಿ ಬಿಟ್ಟುಬಿಟ್ಟ ಮನುಷ್ಯನನ್ನು ಊರು ಹಿಡಿದಿಟ್ಟುಕೊಂಡಿದೆ.

‘ಹಾಗಾದರೆ ದುಡಿದು ಗೆದ್ದವರಿಗೆ ಬೆಲೆಯಿಲ್ಲವೇ’ ಎಂದು ಕೆಲವು ಹೆತ್ತವರು ಕೇಳಬಹುದು. ಇದೆ, ಇರಲೇಬೇಕು. ಹದಿಹರೆಯದವರ ವಿಭಾಗದಲ್ಲಿ ಫಲಿತಾಂಶಕ್ಕೆಂದೇ ಒಂದು ಪ್ರಶಸ್ತಿ ಇರಲಿ. ಅದರ ಮಾನದಂಡವನ್ನು ಹಂಗಾಮು ಶುರುವಾಗುವ ಮೊದಲೇ ತಿಳಿಸಲಿ, ಯಾರಿಗೂ ಅನುಮಾನ ಉಳಿಯದಿರಲಿ. ಹತ್ತು ವರ್ಷದೊಳಗಿನವರಿಗೆ ಕಪ್ಪುಗಳೇ ಬೇಡ. ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆದು, ಆ ಮಗುವಿಗಷ್ಟೇ ಸಲ್ಲುವ ಒಂದು ವಾಕ್ಯ ಹೇಳಿದರೆ ಸಾಕು. ‘ನೀನು ಜನವರಿಯಲ್ಲಿ ಲಿಫ್ಟ್ ಹತ್ತಲು ಅಳುತ್ತಿದ್ದೆ, ಮಾರ್ಚ್‌ನಲ್ಲಿ ತಂಗಿಯನ್ನು ಹತ್ತಿಸುತ್ತಿದ್ದೆ’ ಎಂದು ಕೋಚ್ ಹೇಳಬೇಕಾದರೆ ಅವರು ವರ್ಷವಿಡೀ ಆ ಮಗುವನ್ನು ನೋಡಿರಬೇಕು. ಎಲ್ಲರಿಗೂ ಒಂದೇ ಅಚ್ಚಿನ ಪದಕ ಹಂಚುವುದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ, ಎಷ್ಟೋ ಬೆಲೆಬಾಳುವ ಕೆಲಸ. ಉಳಿದ ಪ್ರಶಸ್ತಿಗಳು ಕೆಲವೇ ಇರಲಿ. ಕಾರಣ ಹೇಳಲಾಗದ ಒಂದೂ ಇರದಿರಲಿ.

ಈ ಕ್ಲಬ್ಬುಗಳಿಗೆ ಸೇರುವ ಮಕ್ಕಳಲ್ಲಿ ರಾಷ್ಟ್ರೀಯ ತಂಡ ಮುಟ್ಟುವವರು ಬೆರಳೆಣಿಕೆಯವರು. ಉಳಿದವರೆಲ್ಲ ಒಂದು ದಿನ ಬಿಬ್ ಕಳಚಿಟ್ಟು ಬೇರೆ ಬದುಕಿಗೆ ಹೋಗುತ್ತಾರೆ. ಐವತ್ತನೇ ವಯಸ್ಸಿನಲ್ಲೂ ಅವರು ಪ್ರೀತಿಯಿಂದ ಬೆಟ್ಟ ಹತ್ತಬೇಕು, ಪಕ್ಕದಲ್ಲಿ ಬಿದ್ದವರನ್ನು ನಿಂತು ಎಬ್ಬಿಸಬೇಕು ಎಂಬುದು ಕ್ಲಬ್ಬಿನ ನಿಜವಾದ ಆಸೆಯಾಗಿದ್ದರೆ, ಪ್ರಶಸ್ತಿಯನ್ನು ಆ ಗುಣಕ್ಕೆ ಕೊಡುವ ಧೈರ್ಯ ಅದಕ್ಕೆ ಇರಬೇಕು.